ಎರಡು ಸಲ ಹೋಗಿ ಬಂದ ತುರ್ತು ಚಿಕಿತ್ಸಾ ವಿಭಾಗ

ನಾಲ್ಕು ತಿಂಗಳೊಳಗೆ ಒಂದೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನಾನು ಎರಡು ಸಲ ಹೋಗಬೇಕಾಯಿತು. ಮೊದಲ ಸಲ ನವೆಂಬರಿನಲ್ಲಿ, ಅಮ್ಮನನ್ನು ಕರೆದುಕೊಂಡು. ಎರಡನೆಯ ಸಲ ಫೆಬ್ರವರಿಯ ಒಂದು ಅಪರಾತ್ರಿ, ಅಪ್ಪನನ್ನು ಎತ್ತಿಕೊಂಡು. ಮೊದಲ ಸಲ ಮನೆಗೆ ಮರಳಿದವನೇ ಸಿಟ್ಟಿನಲ್ಲಿ ಐದಕ್ಕೆ ಒಂದು ನಕ್ಷತ್ರ ಕೊಟ್ಟು ನಾಲ್ಕು ಕಟುವಾದ ಸಾಲು ಬರೆದಿದ್ದೆ. ಆ ಸಾಲುಗಳನ್ನು ಈಗ ಅಳಿಸಿ, ನಾಲ್ಕು ನಕ್ಷತ್ರಕ್ಕೆ ಏರಿಸಿ, ಈ ದೀರ್ಘ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಐದನೆಯ ನಕ್ಷತ್ರವನ್ನು ಯಾಕೆ ಇಟ್ಟುಕೊಂಡೆ ಎಂಬುದೂ ಮುಂದೆ ಬರುತ್ತದೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ನನ್ನ ತಕರಾರನ್ನು ಆಡಳಿತದವರಿಗೆ ಲಿಖಿತವಾಗಿ ಕೊಟ್ಟಿದ್ದೇನೆ, ಅವರು ಉತ್ತರಿಸುವ ಮೊದಲೇ ಹೆಸರು ಹಿಡಿದು ಬರೆಯುವುದು ನನಗೆ ಸರಿಕಾಣುವುದಿಲ್ಲ.

ಇದು ಅರೆಮಲೆನಾಡಿನ ಜಿಲ್ಲಾ ಕೇಂದ್ರವೊಂದರಲ್ಲಿ ಹೆದ್ದಾರಿಗೆ ಅಂಟಿಕೊಂಡಿರುವ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆ. ತುರ್ತು ವಿಭಾಗಕ್ಕೆ ಪಕ್ಕದಿಂದ ಪ್ರತ್ಯೇಕವಾದ ಇಳಿಜಾರು ದಾರಿಯಿದೆ, ಆದರೆ ಅದರ ಬಾಯಿಗೇ ಸಾಲಾಗಿ ಬೈಕು ನಿಲ್ಲಿಸಿರುತ್ತಾರೆ. ಒಳಗೆ ಎಂಟು ಮಂಚ, ಮಂಚಕ್ಕೊಂದು ಮಾನಿಟರು, ಹಸಿರು ಪರದೆ. ನೆಲದ ಮೇಲೆ ಕೆಂಪು, ಹಳದಿ, ಹಸಿರು ಪಟ್ಟಿಗಳನ್ನು ಬಳಿದಿದ್ದಾರೆ. ಆ ಬಣ್ಣಗಳ ಅರ್ಥವನ್ನು ಹೇಳುವ ಫಲಕ ಗೋಡೆಯ ಮೇಲೆ ಇದೆಯಾದರೂ ಅದು ಪೂರ್ತಿ ಇಂಗ್ಲಿಷಿನಲ್ಲಿದೆ. ಅಡಿಕೆ ಸುಲಿಯುವವರು, ಗದ್ದೆ ಕೊಯ್ಯುವವರು, ಲಾರಿ ಓಡಿಸುವವರು ಬರುವ ಜಾಗದಲ್ಲಿ ಆ ಫಲಕ ಯಾರಿಗಾಗಿ ಎಂದು ನಾನು ಮೊದಲ ದಿನವೇ ಗೊಣಗಿದ್ದೆ. ಆದರೆ ಇಂಗ್ಲಿಷ್ ಬಲ್ಲ ನಾನೂ ಅದನ್ನು ಓದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ನವೆಂಬರಿನ ಆ ಬೆಳಗ್ಗೆ ಅಮ್ಮ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಮನೆಯೇ ಗಿರಗಿರನೆ ತಿರುಗಿದಂತಾಗಿ ಕಿರುಚಿಕೊಂಡಳು. ಎದ್ದು ಕೂರುವಷ್ಟರಲ್ಲಿ ವಾಂತಿಯಾಯಿತು. ಪಾರ್ಶ್ವವಾಯು ಇರಬಹುದೆಂದು ಹೆದರಿ ಕರೆದುಕೊಂಡು ಬಂದೆವು. ಬಾಗಿಲಲ್ಲೇ ಒಬ್ಬ ದಾದಿ ಬೆರಳು ಚುಚ್ಚಿ ಸಕ್ಕರೆ ನೋಡಿದರು, ಬಿ.ಪಿ. ನೋಡಿದರು, ಇಸಿಜಿ ತೆಗೆದರು. ಕಿರಿಯ ವೈದ್ಯೆಯೊಬ್ಬರು ಬಂದು ನಗಲು ಹೇಳಿದರು, ಎರಡೂ ಕೈಗಳನ್ನು ಚಾಚಿ ಹಿಡಿಯಲು ಹೇಳಿದರು, ಮೂಗನ್ನು ಮತ್ತು ತಮ್ಮ ಬೆರಳನ್ನು ಒಂದಾದ ಮೇಲೊಂದರಂತೆ ಮುಟ್ಟಿಸಿದರು, ನಾಲ್ಕು ಹೆಜ್ಜೆ ನಡೆಸಿದರು, ಕಣ್ಣಿನ ಚಲನೆಯನ್ನು ಸ್ವಲ್ಪ ಹೊತ್ತು ನೋಡಿದರು. ಎಲ್ಲ ಸೇರಿ ಹತ್ತು ನಿಮಿಷ. ಆಮೇಲೆ ಅಮ್ಮನ ಕೈಗೆ ಹಸಿರು ಪಟ್ಟಿ ಸುತ್ತಿ, ಗೋಡೆ ಪಕ್ಕದ ಕಬ್ಬಿಣದ ಕುರ್ಚಿ ತೋರಿಸಿ ಹೋದವರು ಎರಡೂವರೆ ಗಂಟೆ ಇತ್ತ ತಿರುಗಿ ನೋಡಲಿಲ್ಲ. ತಲೆಯ ಸ್ಕ್ಯಾನ್ ಯಾವಾಗ ಮಾಡುತ್ತೀರಿ ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ‘ಡಾಕ್ಟರ್ ಬರ್ತಾರೆ, ಕೂತ್ಕೊಳ್ಳಿ’ ಎಂಬ ಉತ್ತರ ಸಿಕ್ಕಿತು.

ನಮ್ಮ ನಂತರ ಬಂದವರೆಲ್ಲ ನಮ್ಮನ್ನು ದಾಟಿ ಒಳಗೆ ಹೋಗುತ್ತಿದ್ದರು. ಅವರಲ್ಲಿ ಭತ್ತ ಕೊಯ್ಯುವಾಗ ಹಾವು ಕಚ್ಚಿಸಿಕೊಂಡಿದ್ದ ಒಬ್ಬ ಹೆಂಗಸು ಇದ್ದಳು. ಪಾದ ಆಗಲೇ ಊದಿತ್ತು, ಮಂಡಿಯ ಕೆಳಗೆ ಯಾರೋ ಸೆಣಬಿನ ಹಗ್ಗವನ್ನು ಬಿಗಿದು ಕಟ್ಟಿದ್ದರು. ಪರದೆ ಪೂರ್ತಿ ಎಳೆದಿರಲಿಲ್ಲವಾದ್ದರಿಂದ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಹಗ್ಗವನ್ನು ಒಮ್ಮೆಲೇ ಕತ್ತರಿಸಲಿಲ್ಲ. ಮೊದಲು ಕೈಗೆ ಡ್ರಿಪ್ಪಿನ ಸೂಜಿ ಹಾಕಿ, ಔಷಧಗಳನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಂಡು, ಆಮೇಲೆ ನಿಧಾನವಾಗಿ ಸಡಿಲಿಸಿದರು. ಬಿಗಿದ ಕಟ್ಟನ್ನು ಥಟ್ಟನೆ ಬಿಚ್ಚಿದರೆ ಅಲ್ಲಿ ತಡೆದು ನಿಂತ ವಿಷ ಒಟ್ಟಿಗೆ ಮೇಲೇರಬಹುದಂತೆ. ಊತ ಎಲ್ಲಿಯವರೆಗೆ ಬಂದಿದೆ ಎಂದು ಪೆನ್ನಿನಿಂದ ಗೆರೆ ಎಳೆದು, ಗೆರೆಯ ಪಕ್ಕದಲ್ಲೇ ಚರ್ಮದ ಮೇಲೆ ಸಮಯ ಬರೆದರು. ಮಗ ಪ್ಲಾಸ್ಟಿಕ್ ಚೀಲದಲ್ಲಿ ಸತ್ತ ಹಾವನ್ನೇ ತಂದಿದ್ದ. ಅದರ ಅಗತ್ಯವಿರಲಿಲ್ಲ, ಹೊಡೆಯಲು ಹೋಗಿ ಇನ್ನೊಬ್ಬ ಕಚ್ಚಿಸಿಕೊಳ್ಳುವುದೇ ಹೆಚ್ಚು ಎಂದು ವೈದ್ಯರು ಅವನನ್ನು ಗದರಿದರು.

ನನ್ನನ್ನು ಹಿಡಿದಿಟ್ಟದ್ದು ಒಂದು ಗಾಜಿನ ನಳಿಕೆ. ಆ ಹೆಂಗಸಿನ ತೋಳಿನಿಂದ ಸುಮಾರು ಎರಡು ಎಂ.ಎಲ್. ರಕ್ತ ತೆಗೆದು ಒಣಗಿದ, ಚೊಕ್ಕಟವಾದ ಗಾಜಿನ ನಳಿಕೆಗೆ ಹಾಕಿ ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಯಾರೂ ಮುಟ್ಟಬಾರದು ಎಂದು ಹೇಳಿ, ವೈದ್ಯರು ಗಡಿಯಾರ ನೋಡಿಕೊಂಡರು. ಪ್ಲಾಸ್ಟಿಕ್ ನಳಿಕೆ ಇದಕ್ಕೆ ಆಗದು, ರಕ್ತ ಹೆಪ್ಪುಗಟ್ಟಲು ಗಾಜಿನ ಮೇಲ್ಮೈಯೇ ಬೇಕು. ಸರಿಯಾಗಿ ಇಪ್ಪತ್ತು ನಿಮಿಷದ ನಂತರ ಬಂದು ನಳಿಕೆಯನ್ನು ಮೆಲ್ಲನೆ ಬಾಗಿಸಿದರು. ಹೆಪ್ಪುಗಟ್ಟಿ ನಿಲ್ಲಬೇಕಿದ್ದ ರಕ್ತ ನೀರಿನಂತೆ ಹರಿದು ಅಂಚಿಗೆ ಬಂತು. ಕೊಳಕುಮಂಡಲದಂಥ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅದನ್ನು ತಿಳಿಯಲು ಲಕ್ಷಾಂತರ ರೂಪಾಯಿಯ ಯಂತ್ರ ಬೇಕಿಲ್ಲ, ಒಂದು ಗಾಜಿನ ನಳಿಕೆ ಮತ್ತು ಇಪ್ಪತ್ತು ನಿಮಿಷ ಅದನ್ನು ಅಲುಗಿಸದೆ ಬಿಡುವ ಶಿಸ್ತು ಸಾಕು. ಅಲ್ಲಿಂದ ಮುಂದೆ ಯಾರೂ ತಡಮಾಡಲಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷ. ಇಬ್ಬರು ದಾದಿಯರು ಕೂತು ಹತ್ತು ಸೀಸೆಗಳ ಪುಡಿಯನ್ನು ಒಂದೊಂದಾಗಿ ಕರಗಿಸುತ್ತಿದ್ದರೆ, ಇನ್ನೊಬ್ಬರು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಕೈಗೆಟುಕುವಂತೆ ಇಟ್ಟರು. ಕುದುರೆಯ ರಕ್ತದಿಂದ ತಯಾರಾಗುವ ಈ ಪ್ರತಿವಿಷವೇ ಕೆಲವರಿಗೆ ಜೀವಕ್ಕೆ ಅಪಾಯ ತರುವ ಅಲರ್ಜಿ ಉಂಟುಮಾಡಬಹುದಾದ್ದರಿಂದ ಆ ಸಿರಿಂಜು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಘೋಷಿಸಿದ್ದು ನನಗೆ ಪತ್ರಿಕೆಯ ಸುದ್ದಿಯಾಗಿ ಮಾತ್ರ ಗೊತ್ತಿತ್ತು. ಅದಕ್ಕೆ ಸಂಬಂಧಿಸಿದ ನಮೂನೆಯನ್ನು ಅಂದು ಅಲ್ಲಿ ತುಂಬುತ್ತಿದ್ದರು.

ಇಷ್ಟನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ ಎಂಬುದು ನನ್ನ ಬಗ್ಗೆಯೇ ಏನನ್ನೋ ಹೇಳುತ್ತದೆ. ಕೊನೆಗೆ ಬಂದ ಹಿರಿಯ ವೈದ್ಯರು ಅಮ್ಮನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಹೊರಳಿಸಿ ಹಿಡಿದು, ಥಟ್ಟನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಬರುವಂತೆ ಮಾಡಿದರು. ಅಮ್ಮನ ಕಣ್ಣುಗುಡ್ಡೆಗಳು ತಾವಾಗಿ ತಿರುತಿರುಗಿ ಕುಣಿಯತೊಡಗಿದವು, ಕೆಲ ಸೆಕೆಂಡುಗಳಲ್ಲಿ ನಿಂತವು. ಒಳಗಿವಿಯಲ್ಲಿರುವ ಸುಣ್ಣದ ಸಣ್ಣ ಹರಳುಗಳು ತಮ್ಮ ಜಾಗದಿಂದ ಕಳಚಿ ಅರ್ಧವೃತ್ತಾಕಾರದ ನಾಳದೊಳಗೆ ಸೇರಿಕೊಂಡಾಗ ಹೀಗಾಗುತ್ತದೆ ಎಂದು ಹೇಳುತ್ತಲೇ ತಲೆಯನ್ನು ಎಡಕ್ಕೆ, ಆಮೇಲೆ ಮೈಯನ್ನೇ ಎಡಮಗ್ಗುಲಿಗೆ ಹಂತಹಂತವಾಗಿ ಹೊರಳಿಸಿ ಎಬ್ಬಿಸಿ ಕೂರಿಸಿದರು. ಐದು ನಿಮಿಷದ ಕೆಲಸ. ಅಮ್ಮ ನಡೆದುಕೊಂಡೇ ಹೊರಬಂದಳು. ಸ್ಕ್ಯಾನ್ ಇಲ್ಲ, ಒಂದೇ ಒಂದು ಬಗೆಯ ಮಾತ್ರೆ, ಬಿಲ್ಲು ಸಾವಿರದ ಒಳಗೆ. ‘ಎರಡೂವರೆ ಗಂಟೆ ಕಾಯಿಸಿ, ತಲೆ ತಿರುಗುತ್ತದೆ ಎಂದರೆ ತಲೆ ತಿರುಗಿಸಿ ಕಳುಹಿಸಿದರು, ಸ್ಕ್ಯಾನ್ ಸಹ ಮಾಡಲಿಲ್ಲ’ ಎಂದು ಬರೆದ ಮಹಾನುಭಾವ ನಾನು. ಅನಗತ್ಯ ಸ್ಕ್ಯಾನ್ ಮಾಡಿ ಐದು ಸಾವಿರ ಕಿತ್ತರು ಎಂದು ಬೇರೆ ಆಸ್ಪತ್ರೆಗಳನ್ನು ಬೈದವನೂ ನಾನೇ.

ಫೆಬ್ರವರಿಯ ರಾತ್ರಿ 2.10ಕ್ಕೆ ಅಪ್ಪ ಎದ್ದು ಕುಳಿತು ಎದೆಗೂಡಿನ ಕೆಳಗೆ ಉರಿ ಎಂದರು. ಅವರಿಗೆ ವಯಸ್ಸು 67, ಸಕ್ಕರೆ ಕಾಯಿಲೆ ಇದೆ, ಹಿಂದಿನ ದಿನ ಮದುವೆ ಊಟ ಆಗಿತ್ತು. ನಮ್ಮ ಮನೆಗಳಲ್ಲಿ ಎದೆಯ ಯಾವ ನೋವಿಗೂ ಮೊದಲ ಹೆಸರು ಗ್ಯಾಸ್ಟ್ರಿಕ್. ಜೀರಿಗೆ ಕಷಾಯ ಕುಡಿಸಿ, ಒಂದು ಗ್ಯಾಸಿನ ಮಾತ್ರೆ ಕೊಟ್ಟು, ಬೆನ್ನು ಉಜ್ಜುತ್ತ ನಲವತ್ತು ನಿಮಿಷ ಕಳೆದೆವು. ಬನಿಯನ್ನು ಹಿಂಡಿದರೆ ನೀರು ಬರುವಷ್ಟು ಬೆವರು ಬಂದಾಗ ಭಯವಾಯಿತು. 108ಕ್ಕೆ ಕರೆ ಮಾಡುವ ಯೋಚನೆಯೇ ಹೊಳೆಯಲಿಲ್ಲ, ಭಾವನ ಕಾರು ಅಂಗಳದಲ್ಲೇ ನಿಂತಿತ್ತು. 2.50ಕ್ಕೆ ಹೊರಟು ಆಸ್ಪತ್ರೆ ಮುಟ್ಟಿದಾಗ 3.45.

ಈ ಸಲ ಅಪ್ಪನನ್ನು ಗಾಲಿಕುರ್ಚಿಯಿಂದ ನೇರ ಕೆಂಪು ಪಟ್ಟಿಯ ಮಂಚಕ್ಕೆ ಒಯ್ದರು. ಹೆಸರು, ವಯಸ್ಸು ಕೇಳುವ ಕೌಂಟರಿನವನು ನಮ್ಮ ಹಿಂದೆಯೇ ಓಡಿ ಬಂದ. 3.51ಕ್ಕೆ ಇಸಿಜಿಯ ಗುಲಾಬಿ ಕಾಗದ ವೈದ್ಯರ ಕೈಯಲ್ಲಿತ್ತು. ಹತ್ತು ನಿಮಿಷದೊಳಗೆ ಅದು ಆಗಬೇಕೆಂಬುದು ಲೋಕದ ಎಲ್ಲ ಒಳ್ಳೆಯ ತುರ್ತು ವಿಭಾಗಗಳು ಪಾಲಿಸುವ ಗಡುವು ಎಂದು ಆಮೇಲೆ ತಿಳಿಯಿತು. ಕಾಗದವನ್ನು ನೋಡಿದ ವೈದ್ಯರು ಎದೆಯ ಎಡಭಾಗಕ್ಕೆ ಅಂಟಿಸಿದ್ದ ಒಂದು ಬಿಲ್ಲೆಯನ್ನು ಕಿತ್ತು ಬಲಭಾಗಕ್ಕೆ ಅಂಟಿಸಿ ಮತ್ತೊಮ್ಮೆ ಇಸಿಜಿ ತೆಗೆಸಿದರು. ಅಪ್ಪನ ಹೃದಯದ ಕೆಳಗಿನ ಗೋಡೆಗೆ ಪೆಟ್ಟಾಗಿತ್ತು. ಅಂಥ ಹೃದಯಾಘಾತದಲ್ಲಿ ಬಲ ಹೃತ್ಕುಕ್ಷಿಯೂ (ಹೃದಯದ ಬಲಗಡೆಯ ಕೆಳಕೋಣೆ) ಸೇರಿಕೊಂಡಿದೆಯೇ ಎಂಬುದನ್ನು ಎಡಗಡೆಯ ಬಿಲ್ಲೆಗಳು ಚೆನ್ನಾಗಿ ತೋರಿಸುವುದಿಲ್ಲ. ಸೇರಿಕೊಂಡಿತ್ತು. ಬಿ.ಪಿ. 94ಕ್ಕೆ 60.

ಆಗ ಭಾವ ದನಿ ಏರಿಸಿದರು. ಎದೆನೋವು ಎಂದರೆ ನಾಲಿಗೆಯಡಿ ಮಾತ್ರೆ ಇಡಬೇಕೆಂಬುದು ಎಲ್ಲರಿಗೂ ಗೊತ್ತು, ಇವರಿಗೇಕೆ ಗೊತ್ತಿಲ್ಲ ಎಂಬುದು ಅವರ ಪ್ರಶ್ನೆ. ವೈದ್ಯರು ಅಪ್ಪನ ಮೇಲಿನ ಕಣ್ಣನ್ನು ತೆಗೆಯದೆ, ಆ ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡುತ್ತದೆ, ಇವರ ಬಲ ಹೃತ್ಕುಕ್ಷಿ ಈಗ ಆ ರಕ್ತದ ಒತ್ತಡದ ಮೇಲೆಯೇ ನಿಂತಿದೆ, ಕೊಟ್ಟರೆ ಬಿ.ಪಿ. ಕುಸಿದು ಇಲ್ಲೇ ಬೀಳುತ್ತಾರೆ ಎಂದು ಮೂರು ವಾಕ್ಯದಲ್ಲಿ ಹೇಳಿ, ಅದಕ್ಕೆ ಬದಲಾಗಿ ಸಲೈನ್ ಹಾಕಿಸಿದರು. ಎರಡೂ ಭೇಟಿಗಳಲ್ಲಿ ಒಬ್ಬರು ತಮ್ಮ ಕೆಲಸದ ನಡುವೆಯೇ ನಮಗೆ ಕಾರಣ ಹೇಳಿದ ಅಪರೂಪದ ಗಳಿಗೆ ಅದು. ಭಾವ ತೆಪ್ಪಗಾದರು. ಹೆಪ್ಪು ಬೆಳೆಯದಂತೆ ಆಸ್ಪಿರಿನ್ ಅಗಿಯಲು ಕೊಟ್ಟು, ಕ್ಲೋಪಿಡೋಗ್ರೆಲ್ ನುಂಗಿಸಿದರು. ಹೃದಯದ ಮಾಂಸಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ರಕ್ತದ ಟ್ರೋಪೋನಿನ್ ಪರೀಕ್ಷೆಗೆ ಕಳುಹಿಸಿದರಾದರೂ ಅದರ ಫಲಿತಾಂಶಕ್ಕೆ ಕಾಯಲಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಅದು ಸುಮ್ಮನಿರಬಹುದು. ಇಸಿಜಿ ಇಷ್ಟು ಸ್ಪಷ್ಟವಾಗಿ ಹೇಳುತ್ತಿರುವಾಗ ಪ್ರಯೋಗಾಲಯದ ಚೀಟಿಗೆ ಕಾಯುವುದೆಂದರೆ ಹೃದಯದ ಮಾಂಸವನ್ನು ಕಳೆದುಕೊಳ್ಳುವುದು.

ಹಗಲಾಗಿದ್ದರೂ ಇಲ್ಲಿ ಆಂಜಿಯೋಪ್ಲಾಸ್ಟಿ ಆಗುತ್ತಿರಲಿಲ್ಲ, ಈ ಆಸ್ಪತ್ರೆಯಲ್ಲಿ ಅದನ್ನು ಮಾಡುವ ಕ್ಯಾಥ್‌ಲ್ಯಾಬ್ ಇಲ್ಲ. ಇರುವ ಹತ್ತಿರದ ಆಸ್ಪತ್ರೆಗೆ ಎರಡೂವರೆ ಗಂಟೆಯ ದಾರಿ. ಎರಡು ಗಂಟೆಯೊಳಗೆ ನಾಳವನ್ನು ಬಲೂನಿನಿಂದ ತೆರೆಯಲಾಗದು ಎಂದಾದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್‌ನಂಥ ಚುಚ್ಚುಮದ್ದನ್ನು ಇಲ್ಲಿಯೇ ಕೊಟ್ಟು ಆಮೇಲೆ ಕಳುಹಿಸಬೇಕು ಎಂಬುದು ನಿಯಮ. ಆದರೆ ಆ ಮದ್ದು ಎದೆಯೊಳಗಿನ ಹೆಪ್ಪು ಯಾವುದು, ಮೆದುಳಿನ ಹಳೆಯ ಗಾಯದ ಹೆಪ್ಪು ಯಾವುದು ಎಂದು ನೋಡುವುದಿಲ್ಲ. ಅದಕ್ಕಾಗಿ ವೈದ್ಯರು ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು: ಎಂದಾದರೂ ಪಾರ್ಶ್ವವಾಯು ಆಗಿತ್ತೆ, ತಲೆಗೆ ಪೆಟ್ಟು ಬಿದ್ದಿತ್ತೆ, ಇತ್ತೀಚೆಗೆ ಆಪರೇಷನ್ ಆಗಿದೆಯೆ, ಮಲ ಕಪ್ಪಗೆ ಹೋಗುತ್ತಿದೆಯೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆಯೆ. ಎರಡೂ ತೋಳುಗಳ ಬಿ.ಪಿ.ಯನ್ನು ಬೇರೆ ಬೇರೆಯಾಗಿ ನೋಡಿದರು. ಮಹಾಪಧಮನಿಯೇ ಸೀಳಿದ್ದರೆ ಅದೂ ಹೃದಯಾಘಾತದ ವೇಷದಲ್ಲೇ ಬರುತ್ತದೆ, ಆಗ ಈ ಮದ್ದು ಕೊಟ್ಟರೆ ಮುಗಿಯಿತು. ತೂಕ ಎಷ್ಟೆಂದು ಕೇಳಿದರು. 62 ಕೆ.ಜಿ. ಎಂದೆ. ಟೆನೆಕ್ಟೆಪ್ಲೇಸ್ 35 ಮಿ.ಗ್ರಾಂ. ಎಂದು ಇಬ್ಬರು ದಾದಿಯರು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಂಡು, ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ, 4.14ಕ್ಕೆ ಕೊಟ್ಟರು. ಕೊಡಲು ಹಿಡಿದದ್ದು ಐದು ಸೆಕೆಂಡು. ನಿರ್ಧರಿಸಲು ಬೇಕಾದ ಎಲ್ಲ ಕೆಲಸ ಅದಕ್ಕೆ ಮುಂಚಿನ ಇಪ್ಪತ್ತೊಂಬತ್ತು ನಿಮಿಷಗಳಲ್ಲಿ ನಡೆದಿತ್ತು.

ಸ್ವಲ್ಪ ಹೊತ್ತಿಗೆ ಮಾನಿಟರಿನಲ್ಲಿ ಗೆರೆ ವಿಚಿತ್ರವಾಗಿ ಅಗಲವಾಗಿ ಓಡತೊಡಗಿದಾಗ ನಾನು ಎದ್ದು ನಿಂತೆ. ದಾದಿ ಮಾತ್ರ ಮುಖದಲ್ಲಿ ನಗು ತಂದುಕೊಂಡು ವೈದ್ಯರನ್ನು ಕರೆದರು. ಮುಚ್ಚಿದ ನಾಳ ತೆರೆದುಕೊಂಡಾಗ ಹೃದಯ ಕೆಲವೊಮ್ಮೆ ಹೀಗೆ ಲಯ ತಪ್ಪಿ ಓಡುತ್ತದೆಯಂತೆ. ಅದು ತಾನಾಗಿ ಸರಿಹೋಯಿತು. ಹೃದಯಾಘಾತದಿಂದ ಮೇಲೆದ್ದಿದ್ದ ಇಸಿಜಿಯ ಗೆರೆ 5.45ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕೆಳಗಿಳಿದಿತ್ತು, ನಾಳ ತೆರೆದುಕೊಂಡಿರುವ ಗುರುತು ಅದು. ಬೆಳಗ್ಗೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು, ಅಂದು ಸಂಜೆಯೇ ಆಂಜಿಯೋಗ್ರಾಂ ಆಗಿ ಬಲಗಡೆಯ ನಾಳಕ್ಕೆ ಒಂದು ಸ್ಟೆಂಟ್ ಹಾಕಿದರು. ಅಪ್ಪ ಈಗ ತೋಟದ ತನಕ ನಡೆಯುತ್ತಾರೆ, ಬೀಡಿ ಬಿಟ್ಟಿದ್ದಾರೆ ಎಂದು ಹೇಳಿಕೊಳ್ಳುತ್ತಾರೆ.

ಹಣದ ವಿಚಾರದಲ್ಲಿ ಈ ವಿಭಾಗದ ನಡತೆ ಒಳ್ಳೆಯದು. ತುರ್ತಿನಲ್ಲಿ ಬಂದವರ ಜೀವ ಉಳಿಸುವ ಕೆಲಸ ಯಾವ ವಿಧಿವಿಧಾನಕ್ಕೂ ಕಾಯಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ; ಮುಂಗಡ ಕಟ್ಟಿಸಿಕೊಂಡೇ ಮುಟ್ಟುತ್ತೇವೆ ಎನ್ನುವುದಕ್ಕೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಲ್ಲೂ ಅವಕಾಶವಿಲ್ಲ. ಕಾಗದದಲ್ಲಿ ಇರುವುದು ಕೌಂಟರಿನಲ್ಲಿ ಇರುತ್ತದೆಂದು ನಂಬುವಂತಿಲ್ಲವಾದ್ದರಿಂದ ಹೇಳುತ್ತಿದ್ದೇನೆ: ಮೂವತ್ತು ಸಾವಿರ ದಾಟುವ ಆ ಚುಚ್ಚುಮದ್ದನ್ನು ವಿಭಾಗದ ಸ್ವಂತ ಕಪಾಟಿನಿಂದ ತೆಗೆದು ಕೊಟ್ಟು, ಬಿಲ್ಲನ್ನು ನಮ್ಮ ಕೈಗೆ ಕೊಟ್ಟಾಗ ಬೆಳಕು ಹರಿದಿತ್ತು. ಇನ್ನೊಂದು ಮೆಚ್ಚುಗೆ: ಎರಡೂ ಸಲ ನಿರ್ಣಾಯಕ ಹೊತ್ತಿನಲ್ಲಿ ಇದ್ದದ್ದು ತುರ್ತು ಚಿಕಿತ್ಸೆಯಲ್ಲೇ ಎಂ.ಡಿ. ಮಾಡಿದ ವೈದ್ಯರು. ಭಾರತದಲ್ಲಿ ಇದನ್ನು ಪ್ರತ್ಯೇಕ ವಿಶೇಷ ವಿಭಾಗವೆಂದು ಒಪ್ಪಿಕೊಂಡದ್ದೇ 2009ರಲ್ಲಿ. ಅದಕ್ಕೆ ಮೊದಲು ಇಂಥ ಕೋಣೆಗಳಿಗೆ ‘ಕ್ಯಾಷುಯಾಲಿಟಿ’ ಎಂಬ ಹೆಸರಿತ್ತು, ಆಗಷ್ಟೇ ಎಂ.ಬಿ.ಬಿ.ಎಸ್. ಮುಗಿಸಿದವರು ನಿದ್ದೆಗಣ್ಣಿನಲ್ಲಿ ಬಂದು ಹಿರಿಯರಿಗೆ ಫೋನು ಮಾಡುವುದೇ ಅನೇಕ ಕಡೆ ರೂಢಿಯಾಗಿತ್ತು.

ಇನ್ನು ಐದನೆಯ ನಕ್ಷತ್ರ. ಅಮ್ಮನನ್ನು ಎರಡೂವರೆ ಗಂಟೆ ಕಾಯಿಸಿದ್ದು ಅಸಡ್ಡೆಯಲ್ಲ ಎಂಬುದು ಅಪ್ಪನ ಮಂಚದ ಪಕ್ಕ ನಿಂತಾಗ ನನಗೆ ಅರ್ಥವಾಯಿತು. ಬಾಗಿಲಿನ ಹತ್ತು ನಿಮಿಷದಲ್ಲಿ ಅವರು ಸಕ್ಕರೆ ಇಳಿದಿಲ್ಲ, ಹೃದಯದ ಲಯ ಸರಿಯಿದೆ, ಪಾರ್ಶ್ವವಾಯುವಿನ ಲಕ್ಷಣವಿಲ್ಲ ಎಂಬುದನ್ನು ನೋಡಿಕೊಂಡು, ಈಕೆ ಕಾಯಬಹುದು ಎಂದು ತೀರ್ಮಾನಿಸಿದ್ದರು. ಕಾಯಿಸುವುದೂ ಒಂದು ರೋಗನಿರ್ಣಯ. ಆದರೆ ಆ ನಿರ್ಣಯವನ್ನು ಅವರು ಪಟ್ಟಿಯ ಬಣ್ಣದಲ್ಲಿ ಬರೆದರೇ ಹೊರತು ಬಾಯಲ್ಲಿ ಹೇಳಲಿಲ್ಲ. ‘ಅಮ್ಮನಿಗೆ ಜೀವಕ್ಕೆ ಅಪಾಯವಿಲ್ಲ, ಹಾವು ಕಚ್ಚಿದವರನ್ನು ಮೊದಲು ನೋಡುತ್ತೇವೆ, ತಡವಾಗುತ್ತದೆ, ವಾಂತಿ ಹೆಚ್ಚಾದರೆ ಕೂಗಿ’ ಎಂದಿದ್ದರೆ ಮುಗಿಯುತ್ತಿತ್ತು. ಹದಿನೈದು ಸೆಕೆಂಡಿನ ಮಾತು. ಅದು ಇಲ್ಲದೆ ನಾನು ಎರಡೂವರೆ ಗಂಟೆ ಅಮ್ಮನ ಬಾಯಿ ವಾರೆಯಾಯಿತೇ ಎಂದು ನೋಡುತ್ತ ಕೂತಿದ್ದೆ. ಅಪ್ಪನ ಸರದಿಯಲ್ಲೂ ಬೆಳಗಿನ ಪಾಳಿ ಬದಲಾದಾಗ ಹೊಸಬರು ಬಂದು ಅವೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಿದರು. ಔಷಧದ ಅಲರ್ಜಿ ಉಂಟೇ ಎಂಬುದಕ್ಕೆ ನಾನು ನಾಲ್ಕನೆಯ ಸಲ ಉತ್ತರಿಸಿದೆ. ದೊಡ್ಡ ಆಸ್ಪತ್ರೆಗೆ ಕಳುಹಿಸುವಾಗ ಕೊಟ್ಟ ಪತ್ರದಲ್ಲಿ ಚುಚ್ಚುಮದ್ದಿನ ಹೆಸರಿತ್ತು, ಸಮಯ ಇರಲಿಲ್ಲ. ಅದು ಸಣ್ಣ ಮರೆವಲ್ಲ. ಅಲ್ಲಿನವರು ಆಂಜಿಯೋಗ್ರಾಂ ಯಾವಾಗ ಮಾಡಬೇಕೆಂದು ಲೆಕ್ಕ ಹಾಕುವುದು ಆ ಸಮಯದಿಂದಲೇ. ನನ್ನ ಫೋನಿನಲ್ಲಿ ಇಸಿಜಿಗಳ ಚಿತ್ರವೂ ಗೋಡೆ ಗಡಿಯಾರದ ಚಿತ್ರವೂ ಇದ್ದದ್ದರಿಂದ ಹೇಳಲು ಸಾಧ್ಯವಾಯಿತು. ಇಸಿಜಿಯ ಆ ನುಣುಪು ಕಾಗದ ಬಿಸಿಲಿಗೆ, ಶಾಖಕ್ಕೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಕೈಗೆ ಬಂದ ಕೂಡಲೇ ಚಿತ್ರ ತೆಗೆದಿಟ್ಟುಕೊಳ್ಳಿ. ಈ ಮೂರು ವಿಷಯ, ಮತ್ತು ಇಂಗ್ಲಿಷ್ ಫಲಕ, ನನ್ನ ಲಿಖಿತ ದೂರಿನಲ್ಲಿವೆ.

ಬೈಕುಗಳ ಬಗ್ಗೆ ಬರೆಯಲಿಲ್ಲ. ಅವು ಆಸ್ಪತ್ರೆಯವರವಲ್ಲ, ನಮ್ಮವು.

ಅಪ್ಪನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ರಾತ್ರಿಯ ವೈದ್ಯರು ನಮ್ಮ ಊರು ಯಾವುದೆಂದು ಕೇಳಿದರು. ಹೇಳಿದೆ. ಹಾಗಾದರೆ ತಾಲೂಕು ಆಸ್ಪತ್ರೆಯನ್ನು ದಾಟಿಕೊಂಡು ಬಂದಿರಲ್ಲ ಎಂದರು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ಕಳುಹಿಸಿ, ಇದೇ ಟೆನೆಕ್ಟೆಪ್ಲೇಸನ್ನು ಉಚಿತವಾಗಿ ಕೊಡುತ್ತಾರೆ. ನಮ್ಮ ತಾಲೂಕಿನದೂ ಆ ಪಟ್ಟಿಯಲ್ಲಿದೆ. ದಾರಿಯಲ್ಲಿ ಕಾರಿನಲ್ಲೇ ಹೃದಯ ನಿಂತಿದ್ದರೆ ನೀವು ಮೂವರೂ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು, ನಮ್ಮಲ್ಲಿ ಉತ್ತರವಿರಲಿಲ್ಲ.

ಅಪ್ಪ ಮನೆಗೆ ಬಂದ ವಾರ ನಾನು ಆ ತಾಲೂಕು ಆಸ್ಪತ್ರೆಗೆ ಹೋಗಿ ಕೇಳಿದೆ. ದಾದಿ ಇಸಿಜಿ ಯಂತ್ರವನ್ನು ತೋರಿಸಿ, ಬೀಗ ಹಾಕಿದ ಕಪಾಟನ್ನು ತೋರಿಸಿ, ರಾತ್ರಿಯೂ ಒಬ್ಬರು ಇರುತ್ತಾರೆ, ಹಿಂಬದಿಯ ಗೇಟಿನಿಂದ ಬರಬೇಕು ಎಂದರು. ಆ ರಾತ್ರಿ ನಾವು ಅದರ ಮುಂದಿನಿಂದ ಹಾದುಹೋದದ್ದು 3.05ಕ್ಕೆ. ಗೇಟಿನ ದೀಪ ಉರಿಯುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ.